ಉಬ್ಬುಪಟವೂ ಗವಸೂ: ಅಲ್ಪಜನ ನೌಕೆಯಲ್ಲಿ ಸ್ಪಿನ್ನೇಕರ್ ಹಾಯಿಯ ಇತಿಹಾಸ

೧

ಅಮರಸಿಂಹನು ತನ್ನ ಕೋಶದ ವಾರಿವರ್ಗದಲ್ಲಿ ನೌಕೆಗೆ ಸಂಬಂಧಿಸಿದ ಶಬ್ದಗಳನ್ನು ಒಂದೆಡೆ ಸಂಗ್ರಹಿಸಿರುವನು. ಹಡಗಿನಲ್ಲಿ ವ್ಯಾಪಾರಕ್ಕೆ ಹೋಗುವವನು ಸಾಂಯಾತ್ರಿಕ. ಚುಕ್ಕಾಣಿ ಹಿಡಿಯುವವನು ಕರ್ಣಧಾರ. ಹಡಗನ್ನು ನಡೆಯಿಸುವವರು ನಿಯಾಮಕರು. ಕೂವೆಮರಕ್ಕೆ ಕೂಪಕವೆಂದೂ ಗುಣವೃಕ್ಷಕವೆಂದೂ ಹೆಸರು. ಈ ಶಬ್ದಗಳನ್ನು ಪರಿಶೀಲಿಸಿದರೆ ಎರಡು ಸಂಗತಿಗಳು ಗೋಚರಿಸುತ್ತವೆ. ಗುಣವೆಂದರೆ ಹಗ್ಗ. ಕೂವೆಮರಕ್ಕೆ ಹಗ್ಗದ ಮರವೆಂದು ಹೆಸರಿಟ್ಟವರು ಹಾಯಿಯ ಬಟ್ಟೆಗಿಂತಲೂ ಅದನ್ನು ಹಿಡಿದಿಡುವ ಹಗ್ಗಕ್ಕೆ ಹೆಚ್ಚಿನ ಪ್ರಾಧಾನ್ಯವನ್ನು ಕೊಟ್ಟಿದ್ದರೆಂಬುದು ಒಂದು. ಹಡಗಿನಲ್ಲಿ ಜನ ಅನೇಕರು, ಅವರ ಅಧಿಕಾರಗಳೂ ಬೇರೆಬೇರೆ ಎಂಬುದು ಎರಡನೆಯದು. ಕರ್ಣಧಾರನು ಹಗ್ಗ ಎಳೆಯಲು ಓಡಬೇಕಾಗಿಲ್ಲ. ನಿಯಾಮಕರು ಚುಕ್ಕಾಣಿಯ ಚಿಂತೆಯನ್ನು ವಹಿಸಬೇಕಾಗಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದೀಚೆಗೆ ಈ ವಿಭಾಗವನ್ನು ಮೀರಿ ನಿಂತ ಒಂದು ನಾವಿಕವರ್ಗವು ಪಾಶ್ಚಾತ್ಯ ದೇಶಗಳಲ್ಲಿ ಹುಟ್ಟಿತು. ವ್ಯಾಪಾರಕ್ಕಾಗಲಿ ಯುದ್ಧಕ್ಕಾಗಲಿ ಅಲ್ಲದೆ, ಕೇವಲ ಯಾನಕ್ಕಾಗಿಯೇ ಒಬ್ಬನೋ ಇಬ್ಬರೋ ಸಣ್ಣ ಹಾಯಿನೌಕೆಯಲ್ಲಿ ಮಹಾಸಮುದ್ರವನ್ನು ದಾಟುವ ಸಂಪ್ರದಾಯವದು. ಇಂತಹ ನೌಕೆಯಲ್ಲಿ ಕರ್ಣಧಾರನೂ ನಿಯಾಮಕನೂ ಒಬ್ಬನೇ. ಅಡಿಗೆಯವನೂ ಕಾವಲುಗಾರನೂ ಅವನೇ. ಹೀಗಿರಲು, ಹತ್ತಾರು ಜನರ ಕೈಗಳನ್ನು ನಂಬಿ ಹುಟ್ಟಿದ ಸ್ಪಿನ್ನೇಕರ್ ಎಂಬ ದೊಡ್ಡ ಹಾಯಿಯು ಈ ಒಂಟಿ ನಾವಿಕನ ವಶಕ್ಕೆ ಹೇಗೆ ಬಂದಿತೆಂಬುದು ವಿಚಾರಾರ್ಹವಾದ ಪ್ರಶ್ನೆ. ಅದು ಬಂದದ್ದು ಸ್ನಫರ್ ಎಂಬ, ನೋಡುವುದಕ್ಕೆ ಅತಿ ಸಾಮಾನ್ಯವಾದ, ಒಂದು ಬಟ್ಟೆಯ ಕೊಳವೆಯ ಸಹಾಯದಿಂದ. ಮುಂದಿನ ವಿವೇಚನೆಯಲ್ಲಿ ಸ್ಪಿನ್ನೇಕರಿಗೆ ಉಬ್ಬುಪಟವೆಂದೂ ಸ್ನಫರಿಗೆ ಗವಸು ಎಂದೂ ಹೆಸರುಗಳು ಪ್ರಯುಕ್ತವಾಗಿವೆ. ವೀಣೆಯ ಗವಸು, ಕೈಗವಸು ಎಂಬ ಪ್ರಯೋಗಗಳು ಕನ್ನಡದಲ್ಲಿ ರೂಢವಾಗಿರುವುದರಿಂದ ಈ ಶಬ್ದವು ಅರ್ಥಕ್ಕೆ ದೂರವಾಗದು.

೨

ಹಿಂಗಾಳಿಯ ಯಾನವೇ ಎಲ್ಲಕ್ಕಿಂತ ಸುಲಭವೆಂದು ನೆಲದ ಮೇಲಿರುವವರಿಗೆ ತೋರುವುದು ಸಹಜ. ಅದರಲ್ಲಿ ಒಂದು ಮೋಸವಿದೆ. ಗಾಳಿಯು ಗಂಟೆಗೆ ೧೫ ಕಡಲಮೈಲಿ ವೇಗದಿಂದ ಬೀಸುತ್ತಿದ್ದು, ನೌಕೆಯು ಅದೇ ದಿಕ್ಕಿಗೆ ೬ ಮೈಲಿ ವೇಗದಿಂದ ಓಡುತ್ತಿದ್ದರೆ, ನೌಕೆಯಲ್ಲಿರುವವನಿಗೆ ಹತ್ತುವ ಗಾಳಿ ೯ ಮೈಲಿಯದು ಮಾತ್ರ. ಹಾಯಿಯ ಮೇಲೆ ಬೀಳುವ ಒತ್ತಡವು ಗಾಳಿಯ ವೇಗದ ವರ್ಗವನ್ನು ಅನುಸರಿಸುತ್ತದೆ. ೧೫ರ ವರ್ಗ ೨೨೫. ೯ರ ವರ್ಗ ೮೧. ಆದಕಾರಣ ನೌಕೆಯು ಗಾಳಿಯೊಡನೆ ಓಡುತ್ತಿರುವಾಗ ಹಾಯಿಗೆ ದೊರೆಯುವ ಬಲವು, ಅದು ನಿಂತಿದ್ದರೆ ದೊರೆಯಬಹುದಾಗಿದ್ದುದರ ಸುಮಾರು ಮೂರನೆಯ ಒಂದು ಪಾಲಿಗೆ ಇಳಿದುಹೋಗುತ್ತದೆ. ಈ ನಷ್ಟವನ್ನು ತುಂಬಬೇಕಾದರೆ ಹಾಯಿಯ ವಿಸ್ತಾರವನ್ನು ಹೆಚ್ಚಿಸದೆ ಗತ್ಯಂತರವಿಲ್ಲ. ಉಬ್ಬುಪಟವು ಹುಟ್ಟಿದ್ದು ಈ ಲೆಕ್ಕದಿಂದಲೇ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಅಪಾಯವು ಕಾಣುತ್ತದೆ. ಸುಮಾರು ನಲವತ್ತು ಅಡಿ ಉದ್ದದ ವಿಹಾರನೌಕೆಯ ಉಬ್ಬುಪಟವು ನೂರು ಚದರ ಮೀಟರು ವಿಸ್ತಾರವಾಗಿರುವುದು ಸಾಮಾನ್ಯ. ೯ ಮೈಲಿಯ ಗಾಳಿಯಲ್ಲಿ ಅದರ ಸೆಳೆತವು ಸ್ಥೂಲವಾಗಿ ೧೫೦ ಕಿಲೋಗ್ರಾಂ ತೂಕಕ್ಕೆ ಸಮ. ಅಲೆಯೊಂದು ನೌಕೆಯ ಹಿಂಭಾಗವನ್ನು ಪಕ್ಕಕ್ಕೆ ತಳ್ಳಿ ಅದು ಗಾಳಿಗೆ ಅಡ್ಡಲಾಗಿ ತಿರುಗಿತೆಂದರೆ, ಓಟದಿಂದ ಕಳೆದುಹೋಗಿದ್ದ ಗಾಳಿಯ ವೇಗವೆಲ್ಲ ಒಮ್ಮೆಗೇ ಹಿಂದಕ್ಕೆ ಬಂದು ಅದೇ ಹಾಯಿಯ ಸೆಳೆತ ೪೦೦ ಕಿಲೋಗ್ರಾಂಗಳನ್ನು ಮೀರುತ್ತದೆ. ಗಾಳಿ ಬದಲಾಗಿಲ್ಲ, ನೌಕೆಯ ಮುಖ ಮಾತ್ರ ಬದಲಾಗಿದೆ. ಹಿತವಾದ ತಂಗಾಳಿಯಲ್ಲಿ ಸಾಗುತ್ತಿದ್ದೇನೆಂದು ನಂಬಿದ್ದ ನಾವಿಕನು ಕ್ಷಣಮಾತ್ರದಲ್ಲಿ ವಾಲಿದ ನೌಕೆಯ ಮೇಲೆ ನಿಂತಿರುತ್ತಾನೆ.

ಉಬ್ಬುಪಟದ ಕಟ್ಟುಪಾಡೂ ಇತರ ಹಾಯಿಗಳಿಗಿಂತ ಭಿನ್ನವಾದುದು. ದೊಡ್ಡಹಾಯಿಯ ಒಂದು ಅಂಚು ಕೂವೆಮರಕ್ಕೂ ಮುಂಗಡೆಯ ಹಾಯಿಯ ಅಂಚು ನೌಕೆಯ ಮೂತಿಯಿಂದ ಕೂವೆಯ ತುದಿಗೆ ಬಿಗಿದ ತಂತಿಗೂ ಸೇರಿಕೊಂಡಿರುತ್ತವೆ. ಹಗ್ಗವನ್ನು ಬಿಟ್ಟರೂ ಆ ಹಾಯಿಗಳು ಅಂಚಿನ ಹಿಡಿತವನ್ನು ಬಿಡವು. ಉಬ್ಬುಪಟಕ್ಕಾದರೋ ಅಂಚಿನ ಹಿಡಿತವಿಲ್ಲ. ಮೇಲಿನ ಮೂಲೆಗೆ ಒಂದು ಏರುಹಗ್ಗ, ಕೆಳಗಿನ ಎರಡು ಮೂಲೆಗಳಿಗೆ ಒಂದೊಂದು ಹಗ್ಗ. ಮಿಕ್ಕದ್ದೆಲ್ಲವೂ ಗಾಳಿಯ ಆಧೀನ. ಗಾಳಿ ತುಂಬಿದಾಗ ಅದು ನೌಕೆಯ ಮುಂದೆ ಬುದ್ಬುದದಂತೆ ನಿಲ್ಲುತ್ತದೆ. ಗಾಳಿ ತಪ್ಪಿದಾಗ ಮುಂಗಡೆಯ ತಂತಿಗೆ ಸುತ್ತಿಕೊಂಡು ಮರಳಿನ ಗಡಿಯಾರದ ಆಕಾರದಲ್ಲಿ ಗಂಟುಬೀಳುತ್ತದೆ. ನೀರಿಗೆ ಬಿದ್ದರೆ ಬಲೆಯಂತೆ ಸಮುದ್ರವನ್ನೇ ಎಳೆಯುತ್ತದೆ. ಅದನ್ನು ಏರಿಸುವುದು ಕಷ್ಟವಲ್ಲ, ಇಳಿಸುವುದೇ ಕಷ್ಟವೆಂಬುದು ನಾವಿಕರೆಲ್ಲರಿಗೂ ಸಮ್ಮತವಾದ ಮಾತು.

೩

ಈ ಹಾಯಿಯ ಜನ್ಮಸ್ಥಳವು ಇಂಗ್ಲೆಂಡಿನ ದಕ್ಷಿಣ ತೀರದ ಸೊಲೆಂಟ್ ಜಲಸಂಧಿ; ಕಾಲವು ೧೮೬೫-೬೬. ೧೮೬೫ರ ಜೂನ್ ತಿಂಗಳಲ್ಲಿ ವಿಲಿಯಂ ಗೋರ್ಡನ್ ಎಂಬಾತನು ತನ್ನ ನಯೋಬೀ ಎಂಬ ನೌಕೆಯ ಮೇಲೆ ಇಂತಹ ಹಾಯಿಯನ್ನು ಮೊದಲು ಎತ್ತಿದನೆಂದು ಒಂದು ಪರಂಪರೆ. ಸ್ಫಿಂಕ್ಸ್ ಎಂಬ ನೌಕೆಯಿಂದ ಅದು ಪ್ರಸಿದ್ಧಿಗೆ ಬಂದಿತೆಂದು ಮತ್ತೊಂದು ಪರಂಪರೆ. ಸ್ಪಿನ್ನೇಕರ್ ಎಂಬ ಶಬ್ದವು ಮುದ್ರಣದಲ್ಲಿ ಕಾಣಿಸಿಕೊಂಡುದು ೧೮೬೬ರಲ್ಲಿ.

ಶಬ್ದದ ನಿಷ್ಪತ್ತಿಯ ವಿಷಯದಲ್ಲಿ ನಿಘಂಟುಕಾರರು ಸಾಮಾನ್ಯವಾಗಿ ಎರಡನೆಯ ಪರಂಪರೆಯನ್ನೇ ಆಶ್ರಯಿಸುತ್ತಾರೆ. ಸ್ಫಿಂಕ್ಸ್ ಎಂಬ ಗ್ರೀಕ್ ಹೆಸರನ್ನು ಇಂಗ್ಲಿಷ್ ನಾವಿಕರು ಸ್ಪಿಂಕ್ಸ್ ಎಂದು ಉಚ್ಚರಿಸುತ್ತಿದ್ದರು. ಆ ನೌಕೆಯ ಹಾಯಿಯ ಹೆಸರು ಅದರಿಂದ ಹುಟ್ಟಿತು. ಸ್ಪ್ಯಾಂಕರ್ ಎಂಬ ಮೊದಲೇ ಇದ್ದ ಬೇರೊಂದು ಹಾಯಿಯ ಹೆಸರಿನ ಸಾದೃಶ್ಯದಿಂದ ಅದಕ್ಕೆ ಈಗಿನ ಕೊನೆ ಬಂದಿತು ಎಂದು ಅವರ ಊಹೆ. ಇದು ಯುಕ್ತವಾಗಿಯೇ ಕಾಣುತ್ತದೆ. ಮಹಾಪ್ರಾಣವು ಅಲ್ಪಪ್ರಾಣವಾಗುವುದೂ, ಅಪರಿಚಿತವಾದ ಶಬ್ದವು ಪರಿಚಿತ ಶಬ್ದದ ರೂಪವನ್ನು ಧರಿಸುವುದೂ ಕನ್ನಡದ ತದ್ಭವಗಳನ್ನು ಬಲ್ಲವರಿಗೆ ಹೊಸ ವಿಷಯಗಳಲ್ಲ. ನೌಕೆಗೆ ಹೆಸರಿಟ್ಟವನು ಗ್ರೀಕ್ ಪುರಾಣವನ್ನು ಓದಿದ್ದ ಧನಿಕ. ಹಾಯಿಗೆ ಹೆಸರಿಟ್ಟವರು ಹಗ್ಗ ಎಳೆಯುತ್ತಿದ್ದ ಕೂಲಿಯವರು. ಉಳಿದುಕೊಂಡುದು ಎರಡನೆಯವರ ಉಚ್ಚಾರಣೆ.

ಆ ಕೂಲಿಯವರ ಸಂಖ್ಯೆಯನ್ನು ಮರೆಯಕೂಡದು. ಅಂದಿನ ಪಂದ್ಯದ ನೌಕೆಗಳು ಸಂಬಳದ ಆಳುಗಳಿಂದ ತುಂಬಿದ್ದುವು. ಬಟ್ಟೆಯು ಹತ್ತಿಯದು, ನೆನೆದರೆ ಭಾರ. ಹಾಯಿಯ ಒಂದು ಮೂಲೆಯನ್ನು ಪಕ್ಕಕ್ಕೆ ಚಾಚಿ ಹಿಡಿಯುವುದಕ್ಕೆ ಉದ್ದವಾದ ಮರದ ದಂಡವೊಂದು ಬೇಕಾಗಿತ್ತು. ೧೯೨೦ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಸ್ವೆನ್ ಸಲೇನ್ ಮೊದಲಾದವರ ಪ್ರಯೋಗಗಳಿಂದ ಎರಡು ಪಾರ್ಶ್ವಗಳೂ ಸಮವಾಗಿರುವ, ಛತ್ರದಂತೆ ಉಬ್ಬುವ ರೂಪವು ರೂಢಿಗೆ ಬಂದಿತು. ೧೯೩೮ರಲ್ಲಿ ಪ್ರಕಟವಾದ ನೈಲಾನ್ ಎಂಬ ಕೃತಕ ನೂಲು ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಹಾಯಿಗಾರರ ಕೈಗೆ ಸಿಕ್ಕಿತು. ಹಗುರ, ಗಟ್ಟಿ, ಸ್ವಲ್ಪ ಹಿಗ್ಗುವ ಸ್ವಭಾವ, ನೆನೆದರೂ ಬೇಗನೆ ಆರುವ ಗುಣ ಇವುಗಳಿಂದ ಉಬ್ಬುಪಟಕ್ಕೆ ಅದು ಹೇಳಿ ಮಾಡಿಸಿದ ಬಟ್ಟೆಯಾಯಿತು. ಹಾಯಿಯ ತೂಕ ಇಳಿಯಿತು, ವಿಸ್ತಾರ ಬೆಳೆಯಿತು. ಇಳಿಸುವ ಕಷ್ಟ ಮಾತ್ರ ಹಾಗೆಯೇ ಉಳಿಯಿತು.

ಆ ಕಷ್ಟವು ಯಾವುದೆಂದು ಸ್ಪಷ್ಟಪಡಿಸುವುದು ಅವಶ್ಯ. ಜನಪೂರ್ಣವಾದ ನೌಕೆಯಲ್ಲಿ ಉಬ್ಬುಪಟವನ್ನು ಇಳಿಸುವಾಗ ಒಬ್ಬನು ಚುಕ್ಕಾಣಿಯನ್ನು ಹಿಡಿದು ನೌಕೆಯನ್ನು ಗಾಳಿಯ ದಿಕ್ಕಿಗೆ ನಿಲ್ಲಿಸುತ್ತಾನೆ. ಮತ್ತೊಬ್ಬನು ಕೆಳಮೂಲೆಯ ಹಗ್ಗವನ್ನು ಸಡಿಲಿಸುತ್ತಾನೆ. ಮೂರನೆಯವನು ಏರುಹಗ್ಗವನ್ನು ಅಳತೆಯಿಂದ ಬಿಡುತ್ತಾನೆ. ಇಬ್ಬರು ಮೂವರು ಇಳಿಯುವ ಬಟ್ಟೆಯನ್ನು ಎದೆಗವಚಿ ಒಳಕ್ಕೆ ತುಂಬುತ್ತಾರೆ. ಇವೆಲ್ಲವೂ ಒಂದೇ ಗಳಿಗೆಯಲ್ಲಿ ನಡೆಯಬೇಕು. ಏರುಹಗ್ಗವನ್ನು ಮೊದಲು ಬಿಟ್ಟರೆ ಹಾಯಿ ನೀರಿಗೆ. ತಡವಾಗಿ ಬಿಟ್ಟರೆ ಮತ್ತೆ ಗಾಳಿಗೆ. ಒಬ್ಬನಿಗೆ ಇದು ಅಸಾಧ್ಯವಾಗುವುದು ಬಲವು ಸಾಲದೆ ಇರುವುದರಿಂದ ಮಾತ್ರವಲ್ಲ. ಕಾಲವು ಸಾಲದೆ ಇರುವುದರಿಂದ. ಏಕಕಾಲದಲ್ಲಿ ಅನೇಕ ಜ್ಞಾನಗಳು ಹುಟ್ಟದಿರುವುದೇ ಮನಸ್ಸಿನ ಅಸ್ತಿತ್ವಕ್ಕೆ ಲಿಂಗವೆಂದು ನ್ಯಾಯದರ್ಶನಕಾರನು ಹೇಳಿರುವನು. ಮನಸ್ಸಿಗೆ ಹೇಗೋ ಕೈಗೂ ಹಾಗೆಯೇ. ಯುಗಪತ್ತಾಗಿ ನಡೆಯಬೇಕಾದ ಕಾರ್ಯಗಳು ಒಬ್ಬನ ಪಾಲಿಗೆ ಬಂದಾಗ, ಒಂದೋ ಆ ಕಾರ್ಯವನ್ನೇ ಬಿಡಬೇಕು, ಇಲ್ಲವೆ ಅದನ್ನು ಕ್ರಮವಾಗಿ ಮಾಡತಕ್ಕ ಉಪಾಯವನ್ನು ಹುಡುಕಬೇಕು.

೪

ಏಕಾಕಿ ನಾವಿಕರಲ್ಲಿ ಮೊದಲಿಗರು ಆ ಕಾರ್ಯವನ್ನೇ ಬಿಟ್ಟರು. ಒಂಟಿಯಾಗಿ ಭೂಪ್ರದಕ್ಷಿಣೆ ಮಾಡಿದವರಲ್ಲಿ ಪ್ರಥಮನಾದ ಜೋಷುವ ಸ್ಲೋಕಮ್, ೧೮೯೫ರ ಏಪ್ರಿಲಿನಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹೊರಟು ೧೮೯೮ರ ಜೂನಿನಲ್ಲಿ ನ್ಯೂಪೋರ್ಟನ್ನು ಸೇರಿದನು. ಸುಮಾರು ೩೭ ಅಡಿ ಉದ್ದದ ಅವನ ಸ್ಪ್ರೇ ನೌಕೆಗೆ ಒಂದು ಅಪೂರ್ವ ಗುಣವಿತ್ತು. ಹಾಯಿಗಳನ್ನು ಹೊಂದಿಸಿ ಚುಕ್ಕಾಣಿಯನ್ನು ಕಟ್ಟಿಬಿಟ್ಟರೆ ಅದು ಹಿಂಗಾಳಿಯಲ್ಲಿಯೂ ದಾರಿ ತಪ್ಪದೆ ತಾನಾಗಿ ಓಡುತ್ತಿತ್ತು. ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳವರೆಗಿನ ೨,೭೦೦ ಮೈಲಿಗಳ ೨೩ ದಿನಗಳ ಯಾನದಲ್ಲಿ ಅವನು ಚುಕ್ಕಾಣಿಯ ಬಳಿ ಕಳೆದ ಕಾಲ ಒಟ್ಟಿನಲ್ಲಿ ಮೂರು ಗಂಟೆಗಳನ್ನು ಮೀರಲಿಲ್ಲ. ಇದು ಅವನಿಗೆ ಸಾಧ್ಯವಾದುದು ದೊಡ್ಡಹಾಯಿಯನ್ನು ಹೊರಕ್ಕೆ ಚಾಚಿ, ಮುಂಗಡೆಯ ಸಣ್ಣ ಹಾಯಿಯನ್ನು ನಡುವೆ ಬಿಗಿದು ಸಾಧಿಸಿದ ಸಮತೋಲನದಿಂದ. ವೇಗದ ಆಸೆ ಅವನಿಗಿರಲಿಲ್ಲ.

ಎರಡನೆಯ ಉತ್ತರವು ೧೯೩೦ರ ಆಸುಪಾಸಿನದು. ಅಟ್ಲಾಂಟಿಕ್ ಸಾಗರದ ವಾಣಿಜ್ಯ ಮಾರುತಗಳಲ್ಲಿ ವಾರಗಟ್ಟಲೆ ಹಿಂಗಾಳಿಯೇ ಬೀಸುವುದರಿಂದ, ಒಂದು ದೊಡ್ಡ ಉಬ್ಬುಪಟಕ್ಕೆ ಬದಲಾಗಿ ಎರಡು ಸಣ್ಣ ಹಾಯಿಗಳನ್ನು ಮೂತಿಯ ಎರಡು ಪಕ್ಕಗಳಿಗೂ ರೆಕ್ಕೆಗಳಂತೆ ಚಾಚಿ, ಅವುಗಳ ಹಗ್ಗಗಳನ್ನು ಹಿಂದಕ್ಕೆ ತಂದು ಚುಕ್ಕಾಣಿಗೇ ಕಟ್ಟುವ ಯುಕ್ತಿಯನ್ನು ಆಟ್ವೇ ವಾಲರ್ ಎಂಬಾತನೂ, ಅವನ ತರುವಾಯ ಫ್ರಾನ್ಸಿನ ಚಿತ್ರಕಾರ ಮರಿನ್ ಮಾರೀಯೂ ಬಳಸಿದರು. ನೌಕೆ ಎಡಕ್ಕೆ ತಿರುಗಿದರೆ ಒಂದು ಹಾಯಿಯ ಸೆಳೆತ ಹೆಚ್ಚಿ ಚುಕ್ಕಾಣಿಯನ್ನು ಸರಿಪಡಿಸುತ್ತದೆ; ಬಲಕ್ಕೆ ತಿರುಗಿದರೆ ಮತ್ತೊಂದು. ಮರಿನ್ ಮಾರೀ ೧೯೩೩ರಲ್ಲಿ ವಿನ್ನಿಬೆಲ್ ಎಂಬ ನೌಕೆಯಲ್ಲಿ ಒಂಟಿಯಾಗಿ ಅಟ್ಲಾಂಟಿಕನ್ನು ದಾಟಿದುದು ಈ ಜೋಡಿಹಾಯಿಯಿಂದ. ಗಾಳಿಯು ಪಕ್ಕಕ್ಕೆ ಸರಿದಾಗ ಮಾತ್ರ ಈ ಉಪಾಯವು ನಿಷ್ಪ್ರಯೋಜಕ.

ಮೂರನೆಯ ಉತ್ತರವು ಬ್ಲಾಂಡಿ ಹ್ಯಾಸ್ಲರನದು. ೧೯೬೦ರ ಜೂನ್ ೧೧ರಂದು ಇಂಗ್ಲೆಂಡಿನ ಪ್ಲಿಮತ್‌ನಿಂದ ಹೊರಟ ಮೊದಲನೆಯ ಏಕಾಕಿ ಅಟ್ಲಾಂಟಿಕ್ ಪಂದ್ಯದಲ್ಲಿ ಭಾಗವಹಿಸಿದವರು ಐವರು. ಅದರ ಕಲ್ಪನೆಯೇ ಹ್ಯಾಸ್ಲರನದು. ಅವನು ತನ್ನ ೨೫ ಅಡಿಯ ಜೆಸ್ಟರ್ ನೌಕೆಗೆ ಚೀನಾದ ಜಂಕ್ ಹಡಗುಗಳ ಮಾದರಿಯ, ಅಡ್ಡಪಟ್ಟಿಗಳಿಂದ ಮಡಿಚಿಕೊಳ್ಳುವ ಒಂದೇ ಹಾಯಿಯನ್ನು ಹೂಡಿ, ಅಟ್ಟದ ಮೇಲೆ ಕಾಲಿಡದೆ ಒಳಗಿನ ಕಿಂಡಿಯಲ್ಲಿ ನಿಂತೇ ಅದನ್ನು ಏರಿಸಿ ಇಳಿಸುವಂತೆ ಮಾಡಿದನು. ೪೮ ದಿನಗಳಲ್ಲಿ ಅಟ್ಲಾಂಟಿಕನ್ನು ದಾಟಿ ಎರಡನೆಯವನಾಗಿ ಬಂದನು. ಗೆದ್ದವನಾದ ಫ್ರಾನ್ಸಿಸ್ ಚಿಚೆಸ್ಟರನು ತೆಗೆದುಕೊಂಡುದು ೪೦ ದಿನಗಳು. ಅವನ ಜಿಪ್ಸಿ ಮಾತ್ ನೌಕೆಯು ಸುಮಾರು ೪೦ ಅಡಿ ಉದ್ದದ್ದು. ಸುರಕ್ಷತೆಯ ದೃಷ್ಟಿಯಿಂದ ಹ್ಯಾಸ್ಲರನ ಉತ್ತರವು ಅತ್ಯುತ್ತಮವಾಗಿತ್ತು. ಆದರೆ ಪಂದ್ಯದ ಜಗತ್ತು ಉದ್ದವಾದ ನೌಕೆಯ ಹಿಂದೆ ಓಡಿತು. ಅವನ ಹಾಯಿಯನ್ನು ಅನುಸರಿಸಲಿಲ್ಲ.

ಆ ಓಟಕ್ಕೆ ಮುಖ್ಯ ಪ್ರೇರಕನು ಫ್ರೆಂಚ್ ನೌಕಾಧಿಕಾರಿ ಎರಿಕ್ ತಬಾರ್ಲಿ. ೧೯೬೪ರ ಪಂದ್ಯವನ್ನು ಅವನು ೧೩.೬ ಮೀಟರು ಉದ್ದದ ಪೆನ್ ಡುಯಿಕ್ ೨ ಎಂಬ ನೌಕೆಯಲ್ಲಿ ೨೭ ದಿನಗಳಲ್ಲಿ ಮುಗಿಸಿ ಗೆದ್ದನು. ೧೯೭೬ರಲ್ಲಿ ಅವನು ತಂದುದು ಪೆನ್ ಡುಯಿಕ್ ೬. ಉದ್ದ ೨೨ ಮೀಟರಿಗಿಂತ ಹೆಚ್ಚು. ತುಂಬು ತಂಡವೊಂದು ನಡೆಯಿಸಲೆಂದು ಕಟ್ಟಿದ ನೌಕೆ. ತಾನಾಗಿ ಚುಕ್ಕಾಣಿ ಹಿಡಿಯುವ ಯಂತ್ರವು ದಾರಿಯಲ್ಲಿ ಕೆಟ್ಟಿತು. ಬಿರುಗಾಳಿಗಳ ಮೇಲೆ ಬಿರುಗಾಳಿಗಳು ಬಂದುವು. ಆದರೂ ಅವನು ೨೪ ದಿನಗಳೊಳಗೆ ನ್ಯೂಪೋರ್ಟನ್ನು ಮೊದಲನೆಯವನಾಗಿ ತಲುಪಿದನು. ಅದೇ ಪಂದ್ಯದಲ್ಲಿ ಇಬ್ಬರು ನಾವಿಕರು ಕಾಣೆಯಾದರು. ಅವರಲ್ಲೊಬ್ಬನ ನೌಕೆಯು ಯಜಮಾನನಿಲ್ಲದೆ ತೇಲುತ್ತಿದ್ದುದು ಸಿಕ್ಕಿತು. ಒಂಟಿ ನಾವಿಕನು ಅಟ್ಟದಿಂದ ಜಾರಿ ನೀರಿಗೆ ಬಿದ್ದರೆ ನೌಕೆಯನ್ನು ಹಿಂದಿರುಗಿಸುವವರು ಯಾರೂ ಇಲ್ಲ. ಉಬ್ಬುಪಟದ ಇಳಿತದ ಪ್ರಶ್ನೆಯು ಈ ಕಾರಣದಿಂದ ವೇಗದ ಪ್ರಶ್ನೆಯಾಗಿರದೆ ಪ್ರಾಣದ ಪ್ರಶ್ನೆಯಾಗಿತ್ತು.

೫

ನಾಲ್ಕನೆಯ ಉತ್ತರವಾದ ಗವಸು ೧೯೭೦ರ ದಶಕದ ಈ ವಾತಾವರಣದಲ್ಲಿ ಪ್ರಚಾರಕ್ಕೆ ಬಂದು, ಪಂದ್ಯದ ನೌಕೆಗಳಿಂದ ಬೇಗನೆ ವಿಹಾರನೌಕೆಗಳಿಗೂ ಹರಡಿತು. ಫ್ರೆಂಚರು ಅದನ್ನು ಕಾಲುಚೀಲವೆಂಬ ಅರ್ಥದ ಶೋಸೆತ್ ಎಂಬ ಹೆಸರಿನಿಂದ ಕರೆಯುತ್ತಾರೆ. ಇಂಗ್ಲಿಷಿನ ಸ್ನಫರ್ ಎಂಬುದು ಮೇಣದ ಬತ್ತಿಯ ಉರಿಯ ಮೇಲೆ ಬೋರಲು ಹಾಕಿ ಆರಿಸುವ ಸಣ್ಣ ಲೋಹದ ಟೊಪ್ಪಿಗೆಯ ಹೆಸರು. ಫ್ರೆಂಚ್ ಹೆಸರು ಆಕಾರವನ್ನು ಹೇಳುತ್ತದೆ. ಇಂಗ್ಲಿಷ್ ಹೆಸರು ವ್ಯಾಪಾರವನ್ನು ಹೇಳುತ್ತದೆ. ಪಾಣಿನಿಯು ನಿರ್ವಾಣ ಎಂಬ ರೂಪವನ್ನು ಗಾಳಿಯ ವಿಷಯಕ್ಕೆ ನಿಷೇಧಿಸಿದ್ದಾನೆ. ದೀಪವು ನಿರ್ವಾಣವಾಗುತ್ತದೆ, ಗಾಳಿಯು ನಿರ್ವಾತವಾಗುತ್ತದೆ. ಗವಸಿನಲ್ಲಿ ಈ ಎರಡು ಅರ್ಥಗಳೂ ಒಂದುಗೂಡಿರುವುದು ಸ್ವಾರಸ್ಯವಾಗಿದೆ: ಗಾಳಿಯನ್ನು ತಪ್ಪಿಸಿಯೇ ಹಾಯಿಯನ್ನು ಆರಿಸುವುದು.

ಅದರ ರಚನೆಯು ಸರಳ. ಹಾಯಿಯ ಎತ್ತರದಷ್ಟೇ ಉದ್ದವಾದ, ತೆಳುವಾದ ನೈಲಾನಿನ ಕೊಳವೆ. ಕೆಳಗಿನ ಬಾಯಿಗೆ ಗಾಜಿನ ನಾರಿನಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ, ಆಲಿಕೆಯಂತೆ ಅಗಲವಾದ ಗಟ್ಟಿ ಬಳೆ. ತಲೆಯಲ್ಲಿ ಒಂದು ಸಣ್ಣ ರಾಟೆ ಮತ್ತು ಹಾಯಿಯು ತಿರುಚಿಕೊಳ್ಳದಂತೆ ತಿರುಗುವ ಕೊಂಡಿ. ಬಳೆಗೆ ಕಟ್ಟಿದ ಹಗ್ಗವು ಮೇಲಕ್ಕೆ ಹೋಗಿ ರಾಟೆಯನ್ನು ಸುತ್ತಿ ಕೆಳಕ್ಕೆ ಬಂದು ಮತ್ತೆ ಬಳೆಯನ್ನು ಸೇರುವ ಕೊನೆಯಿಲ್ಲದ ಸುತ್ತು. ಅದರ ಒಂದು ಎಳೆಯನ್ನು ಎಳೆದರೆ ಬಳೆಯು ಮೇಲಕ್ಕೆ ಹೋಗಿ ಗವಸು ನೆರಿಗೆಗಟ್ಟಿ ತಲೆಯಲ್ಲಿ ಸೇರುತ್ತದೆ, ಹಾಯಿ ಬಿಚ್ಚಿಕೊಳ್ಳುತ್ತದೆ. ಮತ್ತೊಂದು ಎಳೆಯನ್ನು ಎಳೆದರೆ ಬಳೆಯು ಕೆಳಕ್ಕೆ ಬಂದು ಹಾಯಿಯನ್ನು ನುಂಗುತ್ತದೆ. ಒಳ್ಳೆಯ ಗವಸಿನಲ್ಲಿ ಮೇಲಕ್ಕೆ ಹೋಗುವ ಎಳೆಗೆ ಬೇರೆ ಓಣಿಯನ್ನೇ ಹೊಲಿದಿರುತ್ತಾರೆ. ಅದಿಲ್ಲದಿದ್ದರೆ ಹಗ್ಗವು ಹಾಯಿಗೆ ಸುತ್ತಿಕೊಂಡು ಬಳೆಯು ಅರ್ಧದಲ್ಲಿಯೇ ನಿಂತುಬಿಡುವ ಸಂಭವವುಂಟು.

ಏರಿಸುವ ಕ್ರಮ ಹೀಗೆ. ನಾವಿಕನು ಮೊದಲು ನೌಕೆಯನ್ನು ಹಿಂಗಾಳಿಗೆ ತಿರುಗಿಸಿ ಸ್ವಯಂಚಾಲಕ ಚುಕ್ಕಾಣಿಗೆ ಒಪ್ಪಿಸುತ್ತಾನೆ. ಸೊಂಟದ ಪಟ್ಟಿಯ ಕೊಂಡಿಯನ್ನು ಅಟ್ಟದ ಉದ್ದಕ್ಕೂ ಬಿಗಿದಿರುವ ರಕ್ಷಾಪಟ್ಟಿಗೆ ಸಿಕ್ಕಿಸಿಕೊಂಡೇ ಮುಂದಕ್ಕೆ ಹೋಗುತ್ತಾನೆ. ಗವಸಿನೊಳಗಿರುವ ಹಾಯಿಯನ್ನು ಚೀಲದಿಂದ ತೆಗೆದು, ದೊಡ್ಡಹಾಯಿಯ ಗಾಳಿಮರೆಯಲ್ಲಿ ಏರುಹಗ್ಗದಿಂದ ಮೇಲಕ್ಕೆ ಎತ್ತುತ್ತಾನೆ. ಆಗ ಅದು ಉದ್ದವಾದ ಹಾವಿನಂತೆ ತೂಗಾಡುವುದೇ ಹೊರತು ಗಾಳಿಯನ್ನು ಹಿಡಿಯದು. ಕೆಳಮೂಲೆಗಳ ಹಗ್ಗಗಳು ಸರಿಯಾಗಿವೆಯೆ, ಏರುಹಗ್ಗ ಭದ್ರವಾಗಿದೆಯೆ, ತಿರುಚು ಬಿದ್ದಿದೆಯೆ ಎಂಬುದನ್ನು ಈಗ ಸಾವಕಾಶವಾಗಿ ಪರೀಕ್ಷಿಸಬಹುದು. ಎಲ್ಲವೂ ಸರಿಯಾದ ಮೇಲೆ ಬಳೆಯನ್ನು ಮೇಲಕ್ಕೆ ಎಳೆಯುತ್ತಾನೆ. ಹಾಯಿಯ ಕೆಳಭಾಗ ಗಾಳಿ ತುಂಬಿದೊಡನೆ ಬಳೆಯು ತಾನಾಗಿಯೇ ಮೇಲಕ್ಕೆ ಧಾವಿಸುತ್ತದೆ. ಆ ಕ್ಷಣದಲ್ಲಿ ಹಗ್ಗವು ಅಂಗೈಯನ್ನು ಸುಡದಂತೆ ಎಚ್ಚರವಾಗಿರಬೇಕು.

ಇಳಿಸುವುದರಲ್ಲಿಯೇ ಗವಸಿನ ಪರೀಕ್ಷೆ. ಗಾಳಿ ತುಂಬಿದ ಹಾಯಿಯ ಮೇಲೆ ಬಳೆಯನ್ನು ಬಲವಂತವಾಗಿ ಎಳೆಯಲು ಹೊರಡುವುದೇ ಹೊಸಬರೆಲ್ಲರ ಮೊದಲನೆಯ ತಪ್ಪು. ನೂರೈವತ್ತು ಕಿಲೋಗ್ರಾಂ ಸೆಳೆತದೊಡನೆ ಒಬ್ಬ ಮನುಷ್ಯನ ತೋಳು ಹೋರಾಡಲಾರದು. ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದರೆ ಹಾಯಿಯು ಅವನನ್ನೇ ಅಟ್ಟದಿಂದ ಎತ್ತಬಲ್ಲದು. ಸರಿಯಾದ ವಿಧಾನದಲ್ಲಿ ಮೊದಲು ನೌಕೆಯನ್ನು ಇನ್ನಷ್ಟು ಹಿಂಗಾಳಿಗೆ ತಿರುಗಿಸಿ ಉಬ್ಬುಪಟವನ್ನು ದೊಡ್ಡಹಾಯಿಯ ಮರೆಗೆ ತರಬೇಕು. ಅನಂತರ ಹಿಂಮೂಲೆಯ ಹಗ್ಗವನ್ನು ಧಾರಾಳವಾಗಿ ಸಡಿಲಿಸಬೇಕು. ಹಾಯಿ ಸೋತು ಬಾವುಟದಂತೆ ಬಡಿದುಕೊಳ್ಳತೊಡಗಿದ ಮೇಲೆ, ಅಟ್ಟದ ಮೇಲಿನ ರಾಟೆಯೊಂದರ ಮೂಲಕ ಹಾಯಿಸಿದ ಇಳಿಹಗ್ಗವನ್ನು, ಕುಳಿತುಕೊಂಡು, ಕೈಗೆ ಸುತ್ತಿಕೊಳ್ಳದೆ, ಒಂದೇ ಸಮನಾಗಿ ಎಳೆಯಬೇಕು. ಬಳೆಯು ಕೆಳಗೆ ಬಂದೊಡನೆ ಅದನ್ನು ಕಟ್ಟಿಬಿಟ್ಟರೆ ಹಾಯಿಯು ಮತ್ತೆ ಹಾವಾಗುತ್ತದೆ. ಅದನ್ನು ಅಟ್ಟಕ್ಕೆ ಇಳಿಸಿ ಚೀಲಕ್ಕೆ ತುಂಬುವುದಕ್ಕೆ ಇನ್ನು ಆತುರವಿಲ್ಲ.

ಈ ವರ್ಣನೆಯಿಂದ ಗವಸಿನ ತತ್ತ್ವವು ಸ್ಪಷ್ಟವಾಗುತ್ತದೆ. ಅದು ನಾವಿಕನ ಬಲವನ್ನು ಹೆಚ್ಚಿಸುವ ಯಂತ್ರವಲ್ಲ. ಅವನ ಕಾಲವನ್ನು ಹೆಚ್ಚಿಸುವ ಉಪಾಯ. ಆರು ಜನರು ಒಂದೇ ಗಳಿಗೆಯಲ್ಲಿ ಮಾಡಬೇಕಾಗಿದ್ದುದನ್ನು ಅದು ಬಿಡಿಸಿ, ಒಂದಾದ ಮೇಲೊಂದರಂತೆ ಜೋಡಿಸಿ, ಪ್ರತಿಯೊಂದು ಹೆಜ್ಜೆಯ ಕೊನೆಯಲ್ಲಿಯೂ ನಿಂತು ಉಸಿರಾಡಲು ಎಡೆಗೊಟ್ಟಿತು. ಏರಿದ್ದೂ ತೆರೆಯದಿರುವ ಹಾಯಿ, ಮುಚ್ಚಿದ್ದೂ ಇಳಿಯದಿರುವ ಹಾಯಿ: ಈ ಎರಡು ಮಧ್ಯಾವಸ್ಥೆಗಳು ಹಿಂದಿನ ಉಬ್ಬುಪಟಕ್ಕೆ ಸಾಧಾರಣವಾಗಿ ಇರಲಿಲ್ಲ. ಮುನ್ನೂರು ಚದರ ಮೀಟರಿನ ಹಾಯಿಗೂ ಅರುವತ್ತು ಚದರ ಮೀಟರಿನದಕ್ಕೂ ಈ ತತ್ತ್ವವು ಒಂದೇ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಎರಡು ಪಾರ್ಶ್ವಗಳೂ ಸಮವಲ್ಲದ ಉಬ್ಬುಪಟವು ವಿಹಾರನೌಕೆಗಳಲ್ಲಿ ಹರಡಿತು. ಅದರ ಮುಂಮೂಲೆಯನ್ನು ನೌಕೆಯ ಮೂತಿಗೇ ಕಟ್ಟುವುದರಿಂದ ಉದ್ದನೆಯ ದಂಡದ ಕಾಟವೂ ತಪ್ಪಿತು. ಗವಸು ಮತ್ತು ಈ ಹೊಸ ಹಾಯಿ ಕೂಡಿದ ಮೇಲೆ, ವಯಸ್ಸಾದ ದಂಪತಿಗಳಿಬ್ಬರೇ ನಲವತ್ತು ಅಡಿಯ ನೌಕೆಯಲ್ಲಿ ಉಬ್ಬುಪಟವನ್ನು ಬಳಸಿ ಸಾಗರವನ್ನು ದಾಟುವುದು ಆಶ್ಚರ್ಯದ ವಿಷಯವಾಗಿ ಉಳಿಯಲಿಲ್ಲ.

೬

ಈ ಏಕಾಕಿ ಯಾನದ ಚರಿತ್ರೆಯಲ್ಲಿ ಭಾರತದ ಪಾಲೂ ಉಂಟು. ಎಲ್ಲಿಯೂ ನಿಲ್ಲದೆ ಒಂಟಿಯಾಗಿ ಭೂಪ್ರದಕ್ಷಿಣೆ ಮಾಡಿದವರಲ್ಲಿ ಮೊದಲಿಗನಾದ ರಾಬಿನ್ ನಾಕ್ಸ್-ಜಾನ್‌ಸ್ಟನ್, ೧೯೬೮ರ ಜೂನ್ ೧೪ರಿಂದ ೧೯೬೯ರ ಏಪ್ರಿಲ್ ೨೨ರವರೆಗೆ ೩೧೨ ದಿನಗಳನ್ನು ಕಳೆದುದು ಮುಂಬಯಿಯ ಬಡಗಿಗಳು ತೇಗದ ಮರದಲ್ಲಿ ಕಟ್ಟಿದ ೩೨ ಅಡಿಯ ಸುಹೇಲಿ ನೌಕೆಯಲ್ಲಿ. ಭಾರತದ ನೌಕಾಪಡೆಯ ದಿಲೀಪ್ ದೊಂದೆಯವರು ೨೦೦೯-೧೦ರಲ್ಲಿ ನಾಲ್ಕು ಬಂದರುಗಳಲ್ಲಿ ತಂಗಿ, ಅಭಿಲಾಷ್ ಟೋಮಿಯವರು ೨೦೧೨-೧೩ರಲ್ಲಿ ಎಲ್ಲಿಯೂ ತಂಗದೆ, ಒಂಟಿಯಾಗಿ ಭೂಪ್ರದಕ್ಷಿಣೆಯನ್ನು ಮುಗಿಸಿದರು. ಇಬ್ಬರ ನೌಕೆಯೂ ಗೋವೆಯಲ್ಲಿ ಕಟ್ಟಿದ ೫೬ ಅಡಿಯ ಮ್ಹಾದೇಯಿ. ಅದು ಹೊತ್ತಿರುವುದು ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡುಗಳಲ್ಲಿ ಹುಟ್ಟಿ ಗೋವೆಯಲ್ಲಿ ಕಡಲನ್ನು ಸೇರುವ ಮಹದಾಯಿ ನದಿಯ ಹೆಸರು. ೨೦೨೪ರ ಅಕ್ಟೋಬರಿನಿಂದ ೨೦೨೫ರ ಮೇ ತಿಂಗಳವರೆಗೆ ನೌಕಾಪಡೆಯ ಅಧಿಕಾರಿಣಿಯರಾದ ದಿಲ್ನಾ ಕೆ. ಮತ್ತು ರೂಪಾ ಎ. ಇವರಿಬ್ಬರೇ ತಾರಿಣಿ ನೌಕೆಯಲ್ಲಿ ಗೋವೆಯಿಂದ ಹೊರಟು ಲೋಕವನ್ನು ಸುತ್ತಿ ಗೋವೆಗೆ ಹಿಂದಿರುಗಿದರು. ಇದೇ ತಾರಿಣಿಯಲ್ಲಿ ೨೦೧೭-೧೮ರಲ್ಲಿ ಆರು ಮಂದಿ ಅಧಿಕಾರಿಣಿಯರು ಭೂಪ್ರದಕ್ಷಿಣೆ ಮಾಡಿದ್ದರೆಂಬುದನ್ನು ಸ್ಮರಿ��ಿದರೆ, ಆರು ಜನರ ಕಾರ್ಯವು ಇಬ್ಬರ ಪಾಲಿಗೆ ಬರುವುದೆಂದರೇನೆಂಬುದು ಊಹೆಗೆ ನಿಲುಕುತ್ತದೆ.

ಗವಸೇ ಕೊನೆಯ ಉತ್ತರವೆಂದು ಹೇಳುವುದಕ್ಕಾಗದು. ಹಾಯಿಯನ್ನು ಹಗ್ಗದ ಸುತ್ತ ಚಾಪೆಯಂತೆ ಸುತ್ತಿಡುವ ಸಾಧನಗಳು ಇಪ್ಪತ್ತೊಂದನೆಯ ಶತಮಾನದಲ್ಲಿ ಅದಕ್ಕೆ ಪ್ರತಿಸ್ಪರ್ಧಿಗಳಾಗಿವೆ. ಅವುಗಳನ್ನು ಚುಕ್ಕಾಣಿಯ ಬಳಿಯಿಂದಲೇ ನಡೆಯಿಸಬಹುದು. ಗವಸಿಗಾದರೋ ನಾವಿಕನು ಮೂತಿಯವರೆಗೆ ಹೋಗಲೇಬೇಕು. ಮೇಲಾಗಿ, ಗವಸು ಇದೆಯೆಂಬ ಧೈರ್ಯದಿಂದ ನಾವಿಕನು ಇಳಿಸಬೇಕಾದ ಕಾಲವನ್ನು ಮುಂದೂಡುತ್ತಾ ಹೋಗುವುದೂ ಉಂಟು. ಗಾಳಿಯು ೧೦ ಮೈಲಿಯಿಂದ ೨೦ ಮೈಲಿಗೆ ಏರಿದರೆ ಒತ್ತಡವು ನಾಲ್ಕು ಪಾಲು ಏರುತ್ತದೆ; ಆ ವೇಳೆಗೆ ದೊಡ್ಡಹಾಯಿಯ ಮರೆಯೂ ಸಾಲದು, ಬಳೆಯೂ ಇಳಿಯದು. ಇಳಿಸಬೇಕೋ ಏನೋ ಎಂಬ ಸಂದೇಹವು ಮೊದಲ ಬಾರಿ ಹುಟ್ಟಿದಾಗಲೇ ಇಳಿಸತಕ್ಕದ್ದೆಂಬುದು ಅನುಭವಿಗಳ ನಿಯಮ. ಈ ನಿಯಮಕ್ಕೆ ಬದಲಾಗಿ ನಿಲ್ಲಬಲ್ಲ ಸಾಧನವನ್ನು ಯಾರೂ ಹೊಲಿದಿಲ್ಲ.

ಎರಿಕ್ ತಬಾರ್ಲಿಯ ಅಂತ್ಯವು ಈ ಪ್ರಸಂಗದಲ್ಲಿ ಸ್ಮರಣೀಯವಾದುದು. ೨೨ ಮೀಟರಿನ ನೌಕೆಯನ್ನು ಒಂಟಿಯಾಗಿ ಅಟ್ಲಾಂಟಿಕ್ ದಾಟಿಸಿದ ಆ ಮಹಾನಾವಿಕನು, ೧೯೯೮ರ ಜೂನ್ ೧೨-೧೩ರ ರಾತ್ರಿ, ತನ್ನ ಮನೆತನದ ನೂರು ವರ್ಷದ ಹಳೆಯ ನೌಕೆಯಾದ ಪೆನ್ ಡುಯಿಕ್‌ನಲ್ಲಿ, ಸಂಗಡಿಗರು ಜೊತೆಯಲ್ಲಿರುವಾಗಲೇ, ಹಾಯಿ ಬದಲಿಸುವ ವೇಳೆಯಲ್ಲಿ ಹಾಯಿದಂಡದ ಪೆಟ್ಟು ತಗುಲಿ ಐರಿಷ್ ಸಮುದ್ರಕ್ಕೆ ಬಿದ್ದು ಮೃತನಾದನು. ಅವನು ರಕ್ಷಾಪಟ್ಟಿಯನ್ನು ಕಟ್ಟಿಕೊಂಡಿರಲಿಲ್ಲ. ಅಂದು ಅಲ್ಲಿದ್ದುದು ಉಬ್ಬುಪಟವಲ್ಲ. ಗವಸಿನ ಪ್ರಸಕ್ತಿಯೂ ಇರಲಿಲ್ಲ. ಆದರೂ ಹಾಯಿನೌಕೆಯ ಅಪಾಯವೆಲ್ಲವೂ ಹಾಯಿಯು ಒಂದು ಸ್ಥಿತಿಯಿಂದ ಮತ್ತೊಂದಕ್ಕೆ ಹೋಗುವ ಸಂಧಿಕಾಲದಲ್ಲಿ ಅಡಗಿದೆಯೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವು ಬೇಕಿಲ್ಲ.

ಕೂವೆಮರವನ್ನು ಹಗ್ಗದ ಮರವೆಂದು ಕರೆದ ಪ್ರಾಚೀನರ ದೃಷ್ಟಿ ಸರಿಯಾದುದೇ. ಹಾಯಿಯನ್ನು ಬೆಳೆಸಿದವರು ಅನೇಕರು. ಅದನ್ನು ಬಿಡುವ, ಹಿಡಿಯುವ, ಮುಚ್ಚುವ ಕ್ರಮವನ್ನು ಕಂಡುಕೊಂಡವರು ಕೆಲವರು. ೧೮೬೫ರ ಸೊಲೆಂಟ್ ಜಲಸಂಧಿಯಲ್ಲಿ ಒಂದು ಗುಂಪಿನ ಕೈಕೆಲಸವಾಗಿ ಹುಟ್ಟಿದ ಉಬ್ಬುಪಟವು, ಒಂದು ಬಳೆ, ಒಂದು ರಾಟೆ, ಒಂದು ಸುತ್ತು ಹಗ್ಗ ಇಷ್ಟರಿಂದಲೇ ಒಬ್ಬನ ಅಂಕೆಗೆ ಬಂದಿತು. ಕರ್ಣಧಾರನೂ ನಿಯಾಮಕನೂ ಒಬ್ಬನೇ ಆದ ನೌಕೆಯಲ್ಲಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಮಾಡಬೇಕು ಎಂಬ ವಿವೇಕವೇ ಉಳಿದವರೆಲ್ಲರ ಸ್ಥಾನವನ್ನು ತುಂಬತಕ್ಕದ್ದು.